ಬಿಗಿಮುಷ್ಟಿಯ ದಾನ

ಕೋಣೆಯಿಂದ ಹೊರಡುವಾಗ ದೀಪ ಆರಿಸಿ ಹೋಗುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಕೋಣೆಯೊಳಗೆ ಇನ್ನೂ ಮೂರು ನಾಲ್ಕು ಜನ ಕುಳಿತಿರುವಾಗಲೇ ದೀಪ ಆರಿಸಿ ಹೋಗುವವರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡದ್ದು ಒಬ್ಬರನ್ನೇ. ಹಿಮಗಾಳಿಯಿಂದ ಮಬ್ಬು ಕವಿದಿದ್ದ ಒಂದು ಜನವರಿಯ ಮಧ್ಯಾಹ್ನ ನಮ್ಮ ವಕೀಲಿ ಕಚೇರಿಯ ಸಭೆಯ ಕೋಣೆಯಲ್ಲಿ ನಾನೂ ನನ್ನ ಇಬ್ಬರು ಜೊತೆಗಾರರೂ ಕಾಗದಪತ್ರಗಳಲ್ಲಿ ಮುಳುಗಿದ್ದೆವು. ತಮ್ಮ ಮಾತು ಮುಗಿಯಿತೆಂದು ಎದ್ದ ಅಲೀಡಾ ವೆಸ್ಟರ್‌ಹಾಫ್ ಅವರು ಬಾಗಿಲ ಬಳಿ ಅಭ್ಯಾಸಬಲದಿಂದ ಕೈಯೆತ್ತಿ ಗುಂಡಿ ಒತ್ತಿದರು. ನಾವು ಕತ್ತಲಲ್ಲಿ ಕುಳಿತೆವು. ಆ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಬೀದಿಗೆ ಸೇರುವ ತನಕ ನಮ್ಮಲ್ಲಿ ಯಾರಿಗೂ ಎದ್ದು ದೀಪ ಹಾಕುವ ಧೈರ್ಯ ಬರಲಿಲ್ಲ. ನಮ್ಮ ಊರಿನ ಅತ್ಯಂತ ಸಿರಿವಂತ ಹೆಂಗಸು ಆರಿಸಿದ ದೀಪವನ್ನು ಅವರ ಬೆನ್ನ ಹಿಂದೆಯೇ ಹೊತ್ತಿಸುವುದು ಒಂದು ಬಗೆಯ ಅವಿಧೇಯತೆ ಎನ್ನಿಸಿತು.

ಮಿಷಿಗನ್ ಸರೋವರದ ಮರಳುದಿಣ್ಣೆಗಳ ಮಗ್ಗುಲಲ್ಲಿರುವ ನಮ್ಮ ನೂರ್ಡ್‌ವಿಕ್‌ನಲ್ಲಿ ಬಿಗಿಮುಷ್ಟಿ ಯಾರಿಗೂ ನಾಚಿಕೆಯ ವಿಷಯವಲ್ಲ. ನಮ್ಮ ಅಜ್ಜಂದಿರು ಹಾಲೆಂಡಿನಿಂದ ಹಡಗು ಹತ್ತಿದಾಗ ತಂದದ್ದು ಬೈಬಲು ಮತ್ತು ಮಿತವ್ಯಯ ಎರಡನ್ನೇ. ಪ್ರಾರ್ಥನೆಯ ನಡುವೆ ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟನ್ನು ಎರಡು ತುಂಡು ಮಾಡಿ ಪಕ್ಕದವರಿಗೆ ಅರ್ಧ ಕೊಡುವುದು ಇಲ್ಲಿ ಸೌಜನ್ಯ. ಅಲೀಡಾ ಅವರು ಅದನ್ನು ನಾಲ್ಕು ಮಾಡುತ್ತಿದ್ದರು. ರಾಜ್ಯದ ಅರ್ಧದಷ್ಟು ಶಾಲೆಗಳ ಮೇಜುಗಳೂ ಲೆಕ್ಕವಿಲ್ಲದ ಇಗರ್ಜಿಗಳ ಬೆಂಚುಗಳೂ ಅವರ ಮನೆತನದ ಕಾರ್ಖಾನೆಯಲ್ಲಿ ತಯಾರಾದವು. ಆದರೂ ಆ ತಾಯಿ ಚಳಿಗಾಲವಿಡೀ ತೊಡುತ್ತಿದ್ದುದು ತೀರಿಹೋದ ಗಂಡ ಕ್ಲಾಸ್ ಅವರ ಬೂದುಬಣ್ಣದ ಉಣ್ಣೆಯ ಕೋಟನ್ನು. ತೋಳನ್ನು ಎರಡು ಸಲ ಮಡಿಚಿ ಹೊಲಿದಿದ್ದರು. ಗುಂಡಿಗಳು ಗಂಡಸರ ಕಡೆಗೇ ಇದ್ದವು. ನಡಿಗೆ ಗಿಡ್ಡ ಗಿಡ್ಡ ಹೆಜ್ಜೆಯದು, ಮುಂದಕ್ಕೆ ಬಾಗಿದ್ದು, ಸದಾ ಹಾದಿಯ ಅಂಚಿನ ಹುಲ್ಲಿನ ಮೇಲೆ. ಕಲ್ಲುಹಾಸಿನ ಮೇಲೆ ನಡೆದರೆ ಅಟ್ಟೆ ಸವೆಯುತ್ತದೆ ಎಂಬುದು ಅವರ ಸಿದ್ಧಾಂತ. ಮಾತಿನಲ್ಲಿ ಪದೇ ಪದೇ ಬರುತ್ತಿದ್ದ ಪಲ್ಲವಿ ಒಂದೇ: "ಕಾಸು ಕೊಟ್ಟಿದೀನಲ್ಲ." ಕೊಂಡ ಸೇಬಿನಲ್ಲಿ ಹುಳವಿದ್ದರೂ, ಪಾದ್ರಿಗಳು ಪ್ರವಚನವನ್ನು ಹತ್ತು ನಿಮಿಷ ಮುಂಚೆ ಮುಗಿಸಿದರೂ, ವೈದ್ಯರು ನಾಡಿ ನೋಡದೆ ಔಷಧ ಬರೆದರೂ ಅವರ ಬಾಯಿಂದ ಬರುತ್ತಿದ್ದುದು ಇದೇ ಮಾತು. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ನ್ಯಾಯನಿಷ್ಠೆ ಇರುತ್ತಿತ್ತು. ಕೊಟ್ಟದ್ದಕ್ಕೆ ತಕ್ಕದ್ದು ಬರಬೇಕು. ಬಂದದ್ದಕ್ಕೆ ತಕ್ಕದ್ದು ಕೊಡಬೇಕು. ಇದರಾಚೆಗಿನ ವೇದಾಂತ ಅವರಿಗೆ ಬೇಕಿರಲಿಲ್ಲ.

ಅವರು ಲೋಕದಲ್ಲಿ ದ್ವೇಷಿಸುತ್ತಿದ್ದದ್ದು ಒಂದನ್ನೇ, ಸಾವಿನ ಬೆನ್ನಿಗೆ ಬರುವ ಆಸ್ತಿತೆರಿಗೆಯನ್ನು. ಇದಕ್ಕೆ ಕಾರಣ ಬರಿಯ ಲೋಭವಲ್ಲ. ಅವರ ಮಾವ ಹೆಂಡ್ರಿಕ್ ವೆಸ್ಟರ್‌ಹಾಫ್ ಮಹಾ ಹಟಮಾರಿ. ನಮ್ಮ ತಂದೆಯವರು ಆ ಮನೆಯ ವಕೀಲರಾಗಿ ಎಷ್ಟು ಸಲ ಉಯಿಲಿನ ಮಾತೆತ್ತಿದರೂ, "ಸಾವಿನ ಬಗ್ಗೆ ಬರೆಯೋದು ಅಂದ್ರೆ ಅದಕ್ಕೆ ಆಮಂತ್ರಣ ಕಳಿಸಿದ ಹಾಗೆ" ಎಂದು ಕಳಿಸಿಬಿಡುತ್ತಿದ್ದರಂತೆ. ಸಾವು ಆಮಂತ್ರಣವಿಲ್ಲದೆಯೇ ಬಂತು. ತೆರಿಗೆ ಕಟ್ಟಲು ಕೈಯಲ್ಲಿ ನಗದಿಲ್ಲದ ಕುಟುಂಬ ಉತ್ತರದ ಓಕ್ ಕಾಡನ್ನೂ ಅದರ ನಡುವಿನ ಮರ ಕೊಯ್ಯುವ ಕಾರ್ಖಾನೆಯನ್ನೂ ಶಿಕಾಗೋದ ಯಾರಿಗೋ ಸೌದೆಯ ಬೆಲೆಗೆ ಮಾರಿತು. ಹೊಸಬರು ಮರ ಕಡಿದು, ಕಾರ್ಖಾನೆ ಮುಚ್ಚಿ, ಹೋದರು. ಅಲ್ಲಿ ದುಡಿಯುತ್ತಿದ್ದವರ ಹೆಂಡತಿಯರು ಆಗ ಇನ್ನೂ ಸೊಸೆಯಾಗಿದ್ದ ಅಲೀಡಾ ಅವರ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಬೈಯಲಿಲ್ಲ, ಬೇಡಲೂ ಇಲ್ಲ, ಇನ್ನೇನು ಮಾಡುವುದೆಂದು ಕೇಳಿದರು. ಉತ್ತರವಿಲ್ಲದೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರೆ ಬಟಾಣಿ ಸಾರು ಕೊಟ್ಟು ಕಳಿಸಿದ್ದನ್ನು ಅವರು ಎಂದೂ ಮರೆಯಲಿಲ್ಲ.

ಆದ್ದರಿಂದ ಕ್ಲಾಸ್ ಅವರು ತೀರಿಕೊಂಡ ಮರುವರ್ಷ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಅಲೀಡಾ ಅವರು ತಾವಾಗಿಯೇ ನನ್ನನ್ನು ಅಡುಗೆಮನೆಗೆ ಕರೆಸಿಕೊಂಡು ಮೇಜಿನ ಎದುರು ಕೂರಿಸಿದರು. ನನ್ನನ್ನು ತೊಟ್ಟಿಲಲ್ಲಿ ನೋಡಿದವರಾದ್ದರಿಂದ ನನ್ನ ನರೆತ ತಲೆಯ ಹಂಗಿಲ್ಲದೆ ಏಕವಚನದಲ್ಲಿಯೇ ಮಾತಾಡುತ್ತಿದ್ದರು.

"ಲ್ಯಾಂಬರ್ಟ್, ನಾನು ಸತ್ರೆ ಸರ್ಕಾರದವರು ಎಷ್ಟು ತಗೋತಾರೆ?"

"ಈಗಿರೋ ಹಾಗೆ ಬಿಟ್ರೆ ಅರ್ಧಕ್ಕಿಂತ ಜಾಸ್ತಿ."

"ಮತ್ತೆ ಕಾರ್ಖಾನೆ?"

"ಮಾರ್ಬೇಕಾಗ್ತದೆ."

ಅವರು ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಒರೆಸಿ, ಅಂಟಿದ್ದ ಕೊನೆಯ ತೊಟ್ಟನ್ನೂ ಒಳಗೆ ಬೀಳಿಸಿ, "ಮಾರ್ಬೇಕಾಗದ ಹಾಗೆ ಏನಾದ್ರೂ ಮಾಡು. ಕಳ್ಳತನ ಬೇಡ," ಎಂದರು.

ನಾನು ನಮ್ಮ ಕಡೆಯ ದೊಡ್ಡ ಮನೆತನಗಳು ಅನುಸರಿಸುವ ದಾರಿಯೊಂದನ್ನು ವಿವರಿಸಿದೆ. ಕಂಪನಿಯಲ್ಲಿ ಮತ ಹಾಕುವ ಹಕ್ಕಿರುವ ಷೇರುಗಳು ಅವರ ಕೈಯಲ್ಲೇ ಇರುತ್ತವೆ; ಮಿಕ್ಕ ದೊಡ್ಡ ಪಾಲನ್ನು ಒಂದು ಧರ್ಮನಿಧಿಗೆ ಒಪ್ಪಿಸುವುದು. ಹದಿನೈದು ವರ್ಷ ಆ ನಿಧಿ ಪ್ರತಿವರ್ಷ ಗೊತ್ತುಮಾಡಿದ ಮೊತ್ತವನ್ನು ಯಾವುದಾದರೂ ಧರ್ಮಕಾರ್ಯಕ್ಕೆ ಕೊಡಬೇಕು. ಅವಧಿ ಮುಗಿದ ಮೇಲೆ ಷೇರುಗಳು ಮಕ್ಕಳಿಗೆ ಸೇರುತ್ತವೆ. ಬಡವರ ಪಾಲಿಗೆ ಹೋಗುವುದನ್ನೆಲ್ಲ ಸರ್ಕಾರ ಇಂದೇ ಲೆಕ್ಕದಿಂದ ಕಳೆದುಬಿಡುವುದರಿಂದ ತೆರಿಗೆ ಬೀಳುವುದು ಉಳಿದ ಚೂರಿಗೆ ಮಾತ್ರ. ವಕೀಲರ ಭಾಷೆಯಲ್ಲಿ ನಾನು ಇದನ್ನು ಎರಡು ಸಲ ಹೇಳಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ಕೇಳಿ, ತಮ್ಮ ಭಾಷೆಗೆ ತಿರುಗಿಸಿಕೊಂಡರು.

"ಅಂದ್ರೆ ನನ್ನ ಹಸೂನ ಹದಿನೈದು ವರ್ಷ ಇಲ್ಲದವರ ಹಟ್ಟೀಲಿ ಕಟ್ಟೋದು. ಹಾಲು ಅವರಿಗೆ. ಆಮೇಲೆ ಹಸು ನಮ್ಮ ಮನೆಗೆ."

"ಹಾಗೇ."

"ಅಲ್ಲಿದ್ದಾಗ ಕರು ಹಾಕಿದ್ರೆ?"

"ಕರೂ ನಿಮ್ಮ ಮಕ್ಕಳಿಗೇ. ಅದಕ್ಕೆ ತೆರಿಗೆ ಇಲ್ಲ."

ಅವರ ಮುಖದಲ್ಲಿ ಒಂದು ಅಪರೂಪದ ಪ್ರಸನ್ನತೆ ಮೂಡಿತು. "ಇದನ್ನ ಕಂಡುಹಿಡಿದವನು ನಮ್ಮೋನೇ ಇರ್ಬೇಕು," ಎಂದು ನನಗೆ ಎರಡನೆಯ ಬಟ್ಟಲು ಸಾರು ಬಡಿಸಿದರು. ಆ ಮನೆಯಲ್ಲಿ ಎರಡನೆಯ ಬಟ್ಟಲು ಸಿಕ್ಕವರು ಊರಿನಲ್ಲಿ ಹೆಚ್ಚಿಲ್ಲ.

ಧರ್ಮಕಾರ್ಯ ಯಾವುದೆಂಬುದನ್ನು ಮಾತ್ರ ಅವರು ನನಗೆ ಬಿಡಲಿಲ್ಲ. ಸಾಮಾನ್ಯವಾಗಿ ನಮ್ಮ ಕಕ್ಷಿದಾರರು ಈ ಜಾಗದಲ್ಲಿ ತಾವು ಓದಿದ ಕಾಲೇಜನ್ನೋ ತಮ್ಮ ಹೃದಯ ನೋಡಿದ ಆಸ್ಪತ್ರೆಯನ್ನೋ ಹೆಸರಿಸಿ ಕೈತೊಳೆದುಕೊಳ್ಳುತ್ತಾರೆ. ಅವರ ಆಸಕ್ತಿಯೆಲ್ಲ ಉಳಿಯುವ ತೆರಿಗೆಯ ಮೇಲೆ. ಅಲೀಡಾ ಅವರಾದರೋ ಮೊಟ್ಟೆ ಕೊಳ್ಳುವವರಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದು ಕಾಲೇಜಿನ ಅಧ್ಯಕ್ಷರು ಊಟಕ್ಕೆ ಕರೆದು ದುಬಾರಿ ಮೀನು ಬಡಿಸಿ, ಕಟ್ಟಡಕ್ಕೆ ಅವರ ಹೆಸರಿಡುವ ಮಾತಾಡಿದರು. "ಆ ಮೀನು ಯಾರ ದುಡ್ಡಿಂದು ಅಂತ ಕೇಳಿದೆ. ಅವರಿಗೆ ನಗು ಬಂತು. ನನಗೆ ಬರ್ಲಿಲ್ಲ," ಎಂದು ಆ ಕಾಲೇಜನ್ನು ಕೈಬಿಟ್ಟರು. ಇನ್ನೊಂದು ಸಂಸ್ಥೆಯ ಪಡಸಾಲೆಯಲ್ಲಿ ಅಮೃತಶಿಲೆ ಹಾಸಿತ್ತು, ಬಾಗಿಲಿನಿಂದಲೇ ಹಿಂತಿರುಗಿದರು.

ಕೊನೆಗೆ ಅವರು ಹೋಗಿ ತಲುಪಿದ್ದು ಊರಾಚೆಯ ಹಣ್ಣಿನ ತೋಟಗಳ ನಡುವೆ, ಹಿಂದೆ ಸೇಬು ಶೇಖರಿಸಿಡುತ್ತಿದ್ದ ಒಂದು ಹಳೆಯ ತಂಪುಗೋದಾಮಿಗೆ. ಬೇಸಿಗೆಯಲ್ಲಿ ಚೆರ್ರಿ, ಬ್ಲೂಬೆರಿ, ಆಮೇಲೆ ಸೇಬು ಬಿಡಿಸಲು ಟೆಕ್ಸಸಿನಿಂದ ಸಂಸಾರ ಸಮೇತ ಬರುವ ಮೆಕ್ಸಿಕೋ ಮೂಲದ ಕೂಲಿಯವರಿಗೆಂದು ಎಲ್ವಿರಾ ಸಾಂದೋವಾಲ್ ಎಂಬ ದಾದಿ ಅಲ್ಲೊಂದು ಚಿಕಿತ್ಸಾಲಯ ನಡೆಸುತ್ತಿದ್ದಳು. ನಲವತ್ತರ ಆಸುಪಾಸಿನ, ತೋರ ಮೈಯ, ಗಟ್ಟಿ ದನಿಯ ಹೆಂಗಸು; ಅವಳೂ ಚಿಕ್ಕವಳಿದ್ದಾಗ ಅದೇ ತೋಟಗಳಲ್ಲಿ ಹಣ್ಣು ಬಿಡಿಸಿದವಳು. ಅಲೀಡಾ ಅವರು ಒಳಗೆ ಕಾಲಿಟ್ಟಾಗ ಎಲ್ವಿರಾ ಸವೆದು ಹೋದ ಸಾಬೂನಿನ ಚೂರುಗಳನ್ನು ಬಿಸಿನೀರಿನಲ್ಲಿ ಕರಗಿಸಿ ಒಂದು ಸೀಸೆಗೆ ತುಂಬುತ್ತಿದ್ದಳಂತೆ. ಬಂದವರು ಹತ್ತಿರ ಹೋಗಿ ಸೀಸೆಯೊಳಗೆ ಇಣುಕಿದರು. ಆಮೇಲೆ ಅಲೀಡಾ ಅವರು, "ಸ್ವಲ್ಪ ಉಪ್ಪು ಹಾಕಿದ್ರೆ ಬೇಗ ಗಟ್ಟಿಯಾಗ್ತದೆ," ಎಂದರು. ಎಲ್ವಿರಾ ತಲೆಯೆತ್ತದೆಯೇ, "ಗಟ್ಟಿಯಾದ್ರೆ ಮಕ್ಕಳು ಕದ್ಕೊಂಡು ಹೋಗ್ತವೆ. ನೀರಾಗಿದ್ರೆ ಕೈ ತೊಳೀತವೆ," ಎಂದಳು. ಅಂದು ಸಂಜೆಯೇ ನನಗೆ ದೂರವಾಣಿ ಬಂತು. "ಬರ್ಕೋ ಲ್ಯಾಂಬರ್ಟ್. ಸಿಕ್ಕಳು."

ಕರಾರಿಗೆ ಸಹಿಯಾಯಿತು. ಧರ್ಮನಿಧಿ ಸ್ಥಾಪಿಸಿದ ಮೇಲೆ ದಾನಿಗಳು ವರ್ಷಕ್ಕೊಮ್ಮೆ ಒಂದು ಕೃತಜ್ಞತಾಪತ್ರ ಸ್ವೀಕರಿಸಿ ಸುಮ್ಮನಿರುವುದು ವಾಡಿಕೆ. ಅಲೀಡಾ ಅವರು ಸುಮ್ಮನಿರುವ ಜಾತಿಯವರಲ್ಲ. ಪ್ರತಿ ಮಂಗಳವಾರ ಆ ಬೂದುಕೋಟು ತೋಟದ ಹಾದಿಯ ಹುಲ್ಲಂಚಿನಲ್ಲಿ ಕಾಣಿಸಿಕೊಳ್ಳತೊಡಗಿತು. ತಾವು ಕೊಂಡದ್ದು ತಮಗೆ ಪೂರ್ತಿ ಸಿಗುತ್ತಿದೆಯೇ ಎಂದು ತಪಾಸಣೆ ಮಾಡಲು ಹೋಗುವುದಾಗಿ ಅವರು ನನಗೆ ಹೇಳುತ್ತಿದ್ದರು. ಔಷಧದ ಸೀಸೆಗಳನ್ನು ಎತ್ತಿ ನೋಡುವುದು, ಹತ್ತಿಯ ಸುರುಳಿ ಅಗತ್ಯಕ್ಕಿಂತ ದಪ್ಪ ಹರಿದರೆ ಕೆಮ್ಮುವುದು, ಕಿಟಕಿಯ ಸಂದಿಗೆ ಹಳೆ ಕಾಗದ ತುರುಕಿ ಬಿಸಿಯನ್ನು ಒಳಗೇ ಉಳಿಸುವುದು.

"ಏನು ದೊಡ್ಡಮ್ಮ, ಇವತ್ತು ಯಾವ ಕಳ್ಳತನ ಹಿಡಿಯೋಕೆ ಬಂದ್ರಿ?" ಎಂದು ಎಲ್ವಿರಾ ರೇಗಿಸುತ್ತಿದ್ದಳು.

"ಹೋದ ವಾರ ಇಲ್ಲೊಂದು ಬ್ಯಾಂಡೇಜ್ ಸುರುಳಿ ಇತ್ತು."

"ಒಬ್ಬನ ಕಾಲಿಗೆ ಹೋಯ್ತು."

"ಅಷ್ಟೂನಾ?"

"ಕಾಲೂ ಅಷ್ಟುದ್ದ ಇತ್ತು."

ಮಧ್ಯಾಹ್ನ ಎಲ್ವಿರಾ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಯನ್ನು ಬಿಚ್ಚಿ ಮುಂದಿಡುತ್ತಿದ್ದಳು. ಒಳಗಿನ ಹಿಟ್ಟನ್ನೂ ಮಾಂಸವನ್ನೂ ತಿಂದು ಮುಗಿಸಿದ ಅಲೀಡಾ ಅವರಿಗೆ ರುಚಿಗಿಂತ ಹೆಚ್ಚು ಮೆಚ್ಚಿಕೆಯಾದದ್ದು, ಎಸೆಯಬೇಕಾದ ಸಿಪ್ಪೆಯನ್ನೇ ಪಾತ್ರೆ ಮಾಡಿಕೊಂಡ ಆ ಜನರ ಜಾಣ್ಮೆ.

ಒಂದು ಮಂಗಳವಾರ ಬಾಲ್ತಸಾರ್ ಎಂಬ ವಯಸ್ಸಾದ ಕೂಲಿಯಾಳು ಅಲ್ಲಿ ತನ್ನ ಹೊಸ ಕನ್ನಡಕವನ್ನು ಕೈಯಲ್ಲಿ ಹಿಡಿದು ಗೊಣಗುತ್ತ ಕೂತಿದ್ದ. ಪಕ್ಕದ ಬೆಂಚಿನ ಮೇಲಿದ್ದ ಮುದುಕಿಯೂ ತನ್ನಂತೆ ಚಿಕಿತ್ಸೆಗೆ ಬಂದವಳೆಂದು ತಿಳಿದು ಸ್ಪ್ಯಾನಿಷಿನಲ್ಲಿ ಏನೋ ಹೇಳಿದ. ಅಲೀಡಾ ಅವರು ಎಲ್ವಿರಾಳತ್ತ ನೋಡಿದರು.

"ಏನಂತಾನೆ?"

ಎಲ್ವಿರಾ ಒಂದಕ್ಷರ ಬಿಡದೆ ಅನುವಾದಿಸಿದಳು. "ಊರಲ್ಲಿ ಯಾರೋ ಒಬ್ಬ ಜಿಪುಣ ಮುದುಕಿ ಇದಕ್ಕೆಲ್ಲ ದುಡ್ಡು ಕೊಡ್ತಾಳಂತೆ. ಅದಕ್ಕೇ ಇಂಥ ದರಿದ್ರ ಚೌಕಟ್ಟು. ಹಾಕ್ಕೊಂಡ್ರೆ ಗೂಬೆ ಥರ ಕಾಣ್ತೀನಿ, ಹೆಂಡತಿ ನಗ್ತಾಳೆ ಅಂತಾನೆ."

ಅಲೀಡಾ ಅವರು ಕನ್ನಡಕವನ್ನು ತೆಗೆದುಕೊಂಡು ಮಗುಚಿ ನೋಡಿದರು. "ನನಗೂ ಅವಳು ಗೊತ್ತು ಅಂತ ಹೇಳು. ಮಹಾ ಜಿಪುಣಿ. ಆದ್ರೆ ಗೂಬೆ ಥರ ಕಾಣ್ಲಿ ಅಂತ ಕಾಸು ಕೊಟ್ಟಿಲ್ಲ. ಬೇರೆ ಚೌಕಟ್ಟು ಹಾಕ್ಸು." ಮುಂದಿನ ವಾರ ಬಾಲ್ತಸಾರ್ ತೆಳುವಾದ ಕಪ್ಪು ಚೌಕಟ್ಟಿನೊಳಗಿಂದ ಅವರನ್ನು ಗುರುತಿಸಿ, ಟೋಪಿ ತೆಗೆದು ನಮಸ್ಕರಿಸಿದ, ಜಿಪುಣಿಗೆ ಹೇಳಿ ಕೊಡಿಸಿದ್ದಕ್ಕೆ ನಿಮಗೆ ಋಣಿ ಎಂದ. ಈ ಕಥೆಯನ್ನು ಅವರು ನನಗೆ ಹೇಳುವಾಗ ಭುಜ ಕುಲುಕುವ ಹಾಗೆ ನಕ್ಕರು. ಅವರು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದ ಏರ್ಪಾಡಿಗೆ ಎಂಬತ್ತೆರಡರಲ್ಲಿ ಕಂಟಕ ಬಂತು. ದೇಶದಲ್ಲೆಲ್ಲ ವ್ಯಾಪಾರ ಕುಸಿದು, ಶಾಲೆಗಳು ಮೇಜು ಕೊಳ್ಳುವುದನ್ನು ನಿಲ್ಲಿಸಿದವು. ಕಾರ್ಖಾನೆಯಿಂದ ಬರುವ ಲಾಭಾಂಶ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಧರ್ಮನಿಧಿಯ ಕರಾರು ಸುಗ್ಗಿಗೂ ಬರಕ್ಕೂ ಒಂದೇ. ಗೊತ್ತುಮಾಡಿದ ಮೊತ್ತವನ್ನು ಚಿಕಿತ್ಸಾಲಯಕ್ಕೆ ಕೊಡಲೇಬೇಕು. ಲಾಭಾಂಶ ಸಾಲದಿದ್ದರೆ ಷೇರುಗಳನ್ನೇ ಹೊರಗಿನವರಿಗೆ ಮಾರಿ ಕೊಡಬೇಕು. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆವೋ ಅದೇ ಹಿತ್ತಿಲ ಬಾಗಿಲಿನಿಂದ ಒಳಗೆ ಬರುವಂತಾಯಿತು.

ಅವರ ಮಗ ರೂಲಾಫ್ ಆಗ ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ಮರದ ವಾಸನೆಯಲ್ಲೇ ಬೆಳೆದವನು, ಕಾರ್ಖಾನೆಯೆಂದರೆ ಜೀವ. ಕೊಂಚ ಷೋಕಿಯವನು, ದೊಡ್ಡ ಊರುಗಳ ದೊಡ್ಡ ಜನರ ಸ್ನೇಹದಲ್ಲಿ ಒಂದಿಷ್ಟು ಉಪಾಯಗಳನ್ನು ಕಲಿತಿದ್ದ. ಅವರ ಅಡುಗೆಮನೆಯ ಅದೇ ಮೇಜಿನ ಮುಂದೆ ನಾವು ಮೂವರೂ ಕುಳಿತಾಗ ಅವನು ಮಾತು ತೆಗೆದ.

"ಅಮ್ಮ, ಒಂದು ದಾರಿ ಇದೆ. ಎಲ್ವಿರಾಗೆ ಚೆಕ್ ಪೂರ್ತಿ ಕೊಡೋಣ. ಅವಳು ಅದರಲ್ಲಿ ಅರ್ಧಕ್ಕೆ ನಮ್ಮ ಕಂಪನಿಯಿಂದ ಬೆಂಚು ಕೊಂಡ ಹಾಗೆ ಬರೆದು ವಾಪಸ್ ಕೊಡ್ಲಿ."

"ಅವಳಿಗೆ ಅಷ್ಟು ಬೆಂಚು ಯಾತಕ್ಕೋ?"

"ಬೆಂಚು ಹೋಗ್ಬೇಕು ಅಂತೇನಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಲೀಡಾ ಅವರು ನನ್ನತ್ತ ಒಂದು ಬೆರಳೆತ್ತಿ ತಡೆದರು.

"ಅಂದ್ರೆ ನಾನು ಕೊಟ್ಟ ಹಾಗೆ ಕಾಣ್ಬೇಕು. ಕೊಟ್ಟಿರಬಾರದು."

"ಎಲ್ಲ ದೊಡ್ಡ ಮನೆಯವರೂ ಒಂದಲ್ಲ ಒಂದು ಥರ ಮಾಡೋದೇ, ಅಮ್ಮ. ಇಡೀ ಏರ್ಪಾಡೇ ತೆರಿಗೆ ತಪ್ಸೋಕೆ ಅಲ್ವಾ? ಈಗ್ಯಾಕೆ ಮಡಿ?"

ಪ್ರಶ್ನೆ ಹರಿತವಾಗಿತ್ತು. ಅಲೀಡಾ ಅವರ ಉತ್ತರ ಸಿದ್ಧವಾಗಿತ್ತು.

"ನೋಡೋ, ನಾನು ಸರ್ಕಾರದ ಜೊತೆ ಒಂದು ವ್ಯಾಪಾರ ಮಾಡಿದೀನಿ. ಹದಿನೈದು ವರ್ಷ ಇಲ್ಲದವರಿಗೆ ಕೊಡ್ತೀನಿ, ನನ್ನ ತೆರಿಗೆ ಬಿಡು ಅಂದೆ. ಅವರು ಬಿಟ್ರು. ಈಗ ನಾನು ಕೊಡದೆ ಹೋದ್ರೆ, ಸಾಮಾನು ಚೀಲಕ್ಕೆ ಹಾಕ್ಕೊಂಡು ದುಡ್ಡು ಕೊಡದೆ ಅಂಗಡಿ ಇಳಿದು ಬಂದ ಹಾಗೆ. ಅವರು ನನ್ನ ಮಾವನ ಕಾಡು ತಿಂದೋರೇ ಇರಬಹುದು. ಆದ್ರೂ ನಾನು ಅಂಗಡಿ ಕಳ್ಳಿ ಅಲ್ಲ."

ರೂಲಾಫನ ದನಿ ತಗ್ಗಿತು. "ಷೇರು ಮಾರಿದ್ರೆ ಶಿಕಾಗೋದೋರು ಬರ್ತಾರಮ್ಮ. ತಾತನ ಕಾಡಿಗೆ ಆದದ್ದೇ ಇದಕ್ಕೂ ಆಗ್ತದೆ. ನಮ್ಮ ಜನಕ್ಕೆ ನಾನೇನು ಹೇಳ್ಲಿ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಲೀಡಾ ಅವರು, "ನಾಳೆ ಬೆಳಿಗ್ಗೆ ಕಾರ್ಖಾನೆಗೆ ಬರ್ತೀನಿ," ಎಂದಷ್ಟೇ ಹೇಳಿ ಎದ್ದರು.

ಮರುದಿನ ರೂಲಾಫ್ ನನಗೆ ಫೋನು ಮಾಡಿ, ದಯವಿಟ್ಟು ಬನ್ನಿ ಎಂದ. ನಾನು ಹೋಗುವ ಹೊತ್ತಿಗೆ ಅಲೀಡಾ ಅವರು ಗರಗಸದ ಮನೆಯಿಂದ ಆರಂಭಿಸಿ ಬಣ್ಣದ ಕೋಣೆಯನ್ನು ಹಾದು, ಮೇಲಂತಸ್ತಿನ ಅಧಿಕಾರಿಗಳ ಭೋಜನಶಾಲೆಗೆ ತಲುಪಿದ್ದರು. ಬಿಳಿಯ ಬಟ್ಟೆ ಹಾಸಿದ ಮೇಜು, ಬೆಳ್ಳಿಯ ಚಮಚ, ಅಡುಗೆಗೆ ಶಿಕಾಗೋದಿಂದ ಕರೆಸಿದ ಬಾಣಸಿಗ. ಅವರು ಒಂದು ಕರವಸ್ತ್ರವನ್ನು ಬೆರಳಲ್ಲಿ ಹೊಸೆದು ನೋಡಿ, "ಇಲ್ಲಿ ಕೂತು ತಿಂದ್ರೆ ಮೇಜು ಚೆನ್ನಾಗಿ ತಯಾರಾಗ್ತದಾ?" ಎಂದು ಕೇಳಿದರು. ಭೋಜನಶಾಲೆ ಅಂದೇ ಮುಚ್ಚಿತು. ಮುಂಬಾಗಿಲಿನ ಕಾರಂಜಿ ನಿಂತಿತು. ವ್ಯಾಪಾರದ ಓಡಾಟಕ್ಕೆಂದು ಬಾಡಿಗೆಗೆ ಇಟ್ಟಿದ್ದ ಪುಟ್ಟ ವಿಮಾನ, ಅಧಿಕಾರಿಗಳಿಗೆ ಕೊಟ್ಟಿದ್ದ ಕಾರುಗಳು, ಗಾಲ್ಫ್ ಮೈದಾನದ ಸದಸ್ಯತ್ವ ಒಂದೊಂದಾಗಿ ಉದುರಿದವು. ಗರಗಸದ ಮನೆಯಲ್ಲಿ ಎಸೆಯುತ್ತಿದ್ದ ಓಕಿನ ತುಂಡುಗಳಿಂದ ಮಕ್ಕಳ ಪುಟ್ಟ ಮಣೆಗಳನ್ನು ಮಾಡಿ ಮಾರುವುದೆಂದಾಯಿತು. ಕೂಲಿ ಕಡಿಮೆ ಮಾಡಿದರೆ ಇನ್ನೂ ಸುಲಭವೆಂದು ಲೆಕ್ಕಾಧಿಕಾರಿ ಮೆಲ್ಲಗೆ ಸೂಚಿಸಿದಾಗ ಮಾತ್ರ ಅವರು ತಿರುಗಿ ನಿಂತರು. "ಅದು ಖರ್ಚಲ್ಲ. ಅದು ಸಾಮಾನು. ಕಡಿಮೆ ಕೊಟ್ರೆ ಕಡಿಮೆ ಬರ್ತದೆ. ಮುಟ್ಟಬೇಡಿ."

ಎಲ್ಲ ಮುಗಿದ ಮೇಲೂ ಒಂದಿಷ್ಟು ಕೊರತೆ ಉಳಿಯಿತು. ರೂಲಾಫ್ ಲೆಕ್ಕದ ಹಾಳೆಯನ್ನು ತನ್ನತ್ತ ಎಳೆದುಕೊಂಡು, "ನನ್ನ ಸಂಬಳ ಅರ್ಧ ಮಾಡಿ," ಎಂದ.

ಅಲೀಡಾ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಬೆಳಿಗ್ಗೆಯಿಂದ ಅದನ್ನೇ ಕಾಯ್ತಿದ್ದೆ. ನಾನೇ ಹೇಳಿದ್ರೆ ಅಮ್ಮ ಕಿತ್ಕೊಂಡ್ಲು ಅಂತಿದ್ದೆ," ಎಂದು ಮಗನ ಬೆನ್ನು ತಟ್ಟಿದರು.

ಆ ವರ್ಷ ಚಿಕಿತ್ಸಾಲಯಕ್ಕೆ ಪೂರ್ತಿ ಮೊತ್ತ ಸಂದಿತು. ಒಂದು ಷೇರೂ ಹೊರಗೆ ಹೋಗಲಿಲ್ಲ. ಮರುವರ್ಷವೂ ಹಾಗೆಯೇ. ಮೂರನೆಯ ವರ್ಷದ ಹೊತ್ತಿಗೆ ಶಾಲೆಗಳು ಮತ್ತೆ ಮೇಜು ಕೇಳತೊಡಗಿದವು. ಅಷ್ಟರಲ್ಲಿ ಖರ್ಚು ಇಳಿಸಿ ಗಟ್ಟಿಯಾಗಿದ್ದ ಕಾರ್ಖಾನೆ ಹಿಂದೆಂದೂ ಇಲ್ಲದಷ್ಟು ಲಾಭ ಕಂಡಿತು. ಭೋಜನಶಾಲೆ ಮಾತ್ರ ಮತ್ತೆ ತೆರೆಯಲಿಲ್ಲ. ರೂಲಾಫ್ ಕೆಳಗೆ ಕೆಲಸದವರ ಜೊತೆಯೇ ಬುತ್ತಿ ಬಿಚ್ಚುವುದನ್ನು ರೂಢಿಸಿಕೊಂಡಿದ್ದ, ಆಮೇಲೆ ಅದನ್ನು ಬಿಡಲು ಅವನಿಗೇ ಮನಸ್ಸಾಗಲಿಲ್ಲ.

ತೊಂಬತ್ತಮೂರರಲ್ಲಿ ಅವಧಿ ಮುಗಿಯಿತು. ಷೇರುಗಳು ರೂಲಾಫನಿಗೂ ಅವನ ತಂಗಿಗೂ ಬಂದವು. ಹದಿನೈದು ವರ್ಷಗಳಲ್ಲಿ ಅವುಗಳ ಬೆಲೆ ಎಷ್ಟು ಬೆಳೆದಿತ್ತೋ ಅಷ್ಟಕ್ಕೂ ತೆರಿಗೆಯ ನೆರಳು ಬೀಳಲಿಲ್ಲ. ಮತದ ಹಕ್ಕಿನ ಷೇರುಗಳನ್ನು ಅಲೀಡಾ ಅವರು ಅಷ್ಟರಲ್ಲಿ ಸ್ವಲ್ಪ ಸ್ವಲ್ಪವಾಗಿ ಮಕ್ಕಳಿಗೆ ದಾಟಿಸಿದ್ದರು. ನಾನು ಗೆದ್ದ ವಕೀಲನ ಹುರುಪಿನಲ್ಲಿ ಸುದ್ದಿ ಹೇಳಲು ಹೋದೆ. ಎಂಬತ್ತಾರರ ಆ ಮುದುಕಿ ಕೇಳಿ, ಸಂತೋಷಪಟ್ಟು, ಆಮೇಲೆ ಕೇಳಿದರು:

"ಹಾಗಾದ್ರೆ ಎಲ್ವಿರಾಗೆ ಮುಂದಿನ ವರ್ಷ?"

"ನಿಮ್ಮ ಬಾಧ್ಯತೆ ಮುಗೀತು. ಇನ್ನು ಅವಳು ಬೇರೆ ಕಡೆ ನೋಡ್ಕೋಬೇಕು."

ಎರಡು ವಾರಗಳ ಬಳಿಕ ಅವರು ನನ್ನನ್ನು ಸರೋವರದ ದಂಡೆಗೆ ಬರಹೇಳಿದರು. ದಿಣ್ಣೆಯ ನೆತ್ತಿಯಲ್ಲಿ ಅವರದೊಂದು ಮರದ ಮನೆ ಇತ್ತು. ಮದುವೆಯಾದ ಹೊಸತರಲ್ಲಿ ಕ್ಲಾಸ್ ತಮ್ಮ ಕೈಯಾರೆ ಕಟ್ಟಿದ್ದು. ಬೇಸಿಗೆಯ ಸಂಜೆಗಳಲ್ಲಿ ಅಲೀಡಾ ಅವರು ಅಲ್ಲಿನ ಜಗಲಿಯಲ್ಲಿ ಏನೂ ಮಾಡದೆ ಕುಳಿತಿರುತ್ತಿದ್ದರು. ಏನೂ ಮಾಡದೆ ಹೊತ್ತು ಕಳೆಯುವ ದುಂದನ್ನು ಅವರು ತಮಗೆ ತಾವು ಅನುಮತಿಸಿಕೊಂಡಿದ್ದ ಸ್ಥಳ ಅದೊಂದೇ. ನೀರಿನ ಮೇಲೆ ಹೊಳೆಯುತ್ತಿದ್ದ ಬಿಸಿಲನ್ನು ನೋಡುತ್ತ ಅವರು ಹೇಳಿದರು:

"ಈ ಮನೇನ ಎಲ್ವಿರಾಗೆ ಕೊಟ್ರೆ, ಮಾರಿ ಬ್ಯಾಂಕಲ್ಲಿ ಇಟ್ಕೋತಾಳೆ. ಬಡ್ಡೀಲಿ ಚಿಕಿತ್ಸಾಲಯ ನಡೀತದೆ ಅಂತಾಳೆ. ಇದರಿಂದ ನನಗೆ ಎಷ್ಟು ತೆರಿಗೆ ಉಳೀತದೆ?"

ನಾನು ಉತ್ತರ ಹೇಳಲು ಅಂಜಿದೆ. ಅವರಲ್ಲಿ ಈಗ ಉಳಿದಿದ್ದ ಆಸ್ತಿ ತೆರಿಗೆಯ ಮಿತಿಯೊಳಗೇ ಇತ್ತು. ಸತ್ತ ಮೇಲೆ ಸರ್ಕಾರಕ್ಕೆ ಕಿಲುಬು ಕಾಸೂ ಕೊಡಬೇಕಿರಲಿಲ್ಲ.

"ಆಸ್ತಿತೆರಿಗೆ ಲೆಕ್ಕದಲ್ಲಿ ಏನೂ ಉಳಿಯಲ್ಲ."

"ಏನೂ?"

"ಏನೂ ಇಲ್ಲ."

"ಹಾಗಾದ್ರೆ ಇದು ಬರೀ ಕೊಡೋದು," ಎಂದರು, ತಮಗೆ ತಾವೇ ಒಂದು ಅಪರಿಚಿತ ಪದವನ್ನು ಉಚ್ಚರಿಸಿಕೊಂಡಂತೆ. ಆ ಮುಖದಲ್ಲಿ ಕಂಡ ಕಸಿವಿಸಿಯನ್ನು ನಾನು ಹೇಗೆ ವರ್ಣಿಸಲಿ? ಕೊಡಬೇಕೆಂದು ಪ್ರಾಣ ಮಿಡಿಯುತ್ತಿದೆ. ಆದರೆ ಎಂಬತ್ತಾರು ವರ್ಷ ಬದುಕಿದ ರೀತಿ ಅಡ್ಡಗಟ್ಟಿ ನಿಂತು, ಬದಲಿಗೆ ಏನು ಬಂತು ಎಂದು ಕೇಳುತ್ತಿದೆ. ನನ್ನ ವೃತ್ತಿಜೀವನದಲ್ಲಿ ಎಷ್ಟೋ ಜನರಿಗೆ ತೆರಿಗೆ ತಪ್ಪಿಸುವ ದಾರಿ ಹುಡುಕಿಕೊಟ್ಟಿದ್ದೇನೆ. ಆ ಸಂಜೆಯಷ್ಟು ಕಷ್ಟಪಟ್ಟು ಎಂದೂ ಹುಡುಕಿರಲಿಲ್ಲ.

"ಈ ಮನೆಗೆ ವರ್ಷಾ ವರ್ಷ ಮನೆಗಂದಾಯ ಕಟ್ತೀರಲ್ಲ. ಅದು ಉಳೀತದೆ," ಎಂದೆ.

ಅವರು ಕತ್ತು ತಿರುಗಿಸಿದರು.

"ಮಾಡೂ ಸೋರ್ತಿದೆ. ಈ ವರ್ಷ ರಿಪೇರಿ ಮಾಡ್ಸಲೇಬೇಕಿತ್ತು. ಆ ಖರ್ಚೂ ಇಲ್ಲ," ಎಂದು ನಾನೇ ಸೇರಿಸಿದೆ.

ನನ್ನನ್ನೇ ಬಹಳ ಹೊತ್ತು ದಿಟ್ಟಿಸಿದ ಆ ಕಣ್ಣುಗಳಿಗೆ ಎಲ್ಲವೂ ತಿಳಿಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. "ಹಾಗೆ ಹೇಳು ಮತ್ತೆ. ಇಷ್ಟು ಹೊತ್ತು ಯಾಕೆ ಸುತ್ತಿಸಿದೆ?" ಎಂದು ಲೇಖನಿಗೆ ಕೈಚಾಚಿದರು. ಸಹಿ ಮಾಡಿ, ಕಾಗದವನ್ನು ನನ್ನತ್ತ ದೂಡಿ, "ರೂಲಾಫ್ ಕೇಳಿದ್ರೆ ಮನೆಗಂದಾಯಕ್ಕೋಸ್ಕರ ಅಂತ ಹೇಳು," ಎಂದರು. ಆಮೇಲೆ ಸೂರ್ಯ ನೀರಿಗಿಳಿಯುವ ತನಕ ನಾವಿಬ್ಬರೂ ಜಗಲಿಯಲ್ಲಿ ಏನೂ ಮಾಡದೆ ಕುಳಿತೆವು. ಅವರು ಅಷ್ಟು ನಿರಾಳವಾಗಿದ್ದುದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಆ ಬಳಿಕ ನಾಲ್ಕು ವರ್ಷ ಬದುಕಿದ್ದು, ಮಂಗಳವಾರಗಳನ್ನು ಒಂದೂ ತಪ್ಪಿಸದೆ, ಒಂದು ವಸಂತದಲ್ಲಿ ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಗೆ ಗರಗಸದ ಮನೆಯವರೂ ಬಂದಿದ್ದರು, ತೋಟದ ಕೂಲಿಯವರೂ ಬಂದಿದ್ದರು. ಅವರದೇ ಕಾರ್ಖಾನೆಯ ಬೆಂಚುಗಳ ಮೇಲೆ ಇಕ್ಕಟ್ಟಾಗಿ ಕುಳಿತರು.

ದಾನವೆಂದರೆ ತೆರೆದ ಕೈಯವರ ಗುಣವೆಂದು ನಾವು ಬಗೆದಿದ್ದೇವೆ. ನಾನು ತೆರೆದ ಕೈಯವರನ್ನೂ ಬಹಳ ಮಂದಿ ಕಂಡಿದ್ದೇನೆ. ಅವರು ಕೊಡುತ್ತಾರೆ, ಕೊಟ್ಟು ಮರೆಯುತ್ತಾರೆ, ಮರೆತದ್ದನ್ನೇ ದೊಡ್ಡ ಗುಣವೆಂದುಕೊಳ್ಳುತ್ತಾರೆ. ಕೊಟ್ಟದ್ದು ಅಮೃತಶಿಲೆಯಾಯಿತೋ ಔಷಧವಾಯಿತೋ ಎಂದು ನೋಡಲು ಹೋಗುವುದಿಲ್ಲ. ಬಿಗಿಮುಷ್ಟಿಯವರನ್ನು ಕೊಡುವಂತೆ ಮಾಡುವುದು ದುಸ್ಸಾಧ್ಯ. ಅದಕ್ಕೆ ಕೆಲವೊಮ್ಮೆ ಒಂದು ತೆರಿಗೆಯ ಭಯವೇ ಬೇಕು, ಒಬ್ಬ ವಕೀಲನ ಜಾಣತನವೂ ಬೇಕು. ಆದರೆ ಒಮ್ಮೆ ಕೊಟ್ಟರೆಂದರೆ ಅವರಷ್ಟು ಪೂರ್ತಿಯಾಗಿ ಕೊಡುವವರು ಯಾರೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಪಾದ್ರಿಗಳು ಪ್ರತಿವರ್ಷ ಬೋಧಿಸುತ್ತಾರೆ. ಈ ಜಾತಿಯ ಜನರ ಎಡಗೈಗೆ ಅದು ತಿಳಿಯುವುದಷ್ಟೇ ಅಲ್ಲ, ಕೊಟ್ಟದ್ದು ಮುಟ್ಟಿತೋ ಇಲ್ಲವೋ ಎಂದು ಅದು ಬಲಗೈಯ ಹಿಂದೆಯೇ ನಡೆದು ಹೋಗಿ, ಪಡೆದವರ ಮನೆಯಲ್ಲಿ ಕುಳಿತು, ಮೆಲ್ಲಗೆ ಅವರ ಕೈಯನ್ನು ಹಿಡಿದುಕೊಂಡುಬಿಡುತ್ತದೆ.